ಗಾದಿ ಮದ್ದು

ಗುಡಗೇರಿಯಲ್ಲಿ ನೀವು ಯಾವ ಮನೆಗೆ ಹೋಗಿ ಮಲಗಿದರೂ ಮೈಕೆಳಗೆ ಇರುವುದು ಇಮಾಮುದ್ದೀನ ನದಾಫ ಹೊಲಿದ ಗಾದಿ. ಅದು ಸಾಹುಕಾರನ ಮನೆಯಾದರೂ ಅಷ್ಟೆ, ಹಮಾಲಿ ಮಾಡುವ ನನ್ನ ಮನೆಯಾದರೂ ಅಷ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಆದದ್ದೆಲ್ಲ ಆ ಗಾದಿಗಳ ಮೇಲೆ ಮಲಗಿ ಎದ್ದ ಮಂದಿಯಿಂದಲೇ ಆಯಿತು.

ಊರಿಗೆಲ್ಲ ಅವನು ಕಾಕಾ. ಅರವತ್ತು ದಾಟಿದ ಸಣಕಲು ಮನುಷ್ಯ. ಹುಬ್ಬಿನಲ್ಲಿ, ಕಿವಿಯ ಕೂದಲಲ್ಲಿ ಯಾವಾಗಲೂ ಒಂದಿಷ್ಟು ಹತ್ತಿ ಅಂಟಿಕೊಂಡಿರುತ್ತಿತ್ತು. ಹತ್ತಿ ಹಿಂಜುವ ಬಿಲ್ಲು ಈಗ ಗೋಡೆಗೆ ತೂಗುಬಿದ್ದಿದೆ, ಆ ಕೆಲಸ ಮಷೀನಿಗೆ ಹೋಯಿತು. ಆದರೆ ಹೊಲಿಗೆ ಮಾತ್ರ ಅವನದೇ. ಸೈಕಲ್ಲಿನ ಮೇಲೆ ದಾರ, ದಬ್ಬಣ ಕಟ್ಟಿಕೊಂಡು ಬಂದು, ನಿಮ್ಮ ಅಂಗಳದಲ್ಲೇ ಕುಳಿತು ಹೊಲಿದು, ನಿಮ್ಮ ಮನೆಯ ಚಹಾ ಕುಡಿದು, ನಿಮ್ಮ ಮನೆಯ ಸುದ್ದಿ ಕೇಳಿ ಹೋಗುವವನು.

ಗಾದಿಯ ಬಾಯಿ ಮುಚ್ಚುವ ಮೊದಲು ತಲೆಯ ಕಡೆಯ ಮೂಲೆಯಲ್ಲಿ ಒಂದು ಸಣ್ಣ ಅರಿವೆಯ ಗಂಟು ಇಡುತ್ತಿದ್ದ. ಒಳಗೆ ಕುಟ್ಟಿದ ಬಜೆ ಬೇರು, ಒಣಗಿದ ಬೇವಿನ ಎಲೆಯ ಪುಡಿ. ಅದು ಇದ್ದರೆ ತಗಣಿ ಸೇರುವುದಿಲ್ಲ. ಹೆಂಗಸರು ಅದಕ್ಕೆ ಗಾದಿ ಮದ್ದು ಎನ್ನುತ್ತಿದ್ದರು.

"ಕಾಕಾ, ಮದ್ದು ಮರತೀರಿ ಮತ್ತ."

"ಮರತಿಲ್ಲವ್ವಾ. ನಿನ್ನ ಗಂಡ ಮಲಗಿದರ ಮಧ್ಯಾಹ್ನಕ್ಕ ಏಳಬೇಕು, ಅಷ್ಟ ಹಾಕೇನಿ."

"ಈಗೇನ ನಸಕಿನ್ಯಾಗ ಏಳತಾನಂತ ತಿಳದೀರೇನು?"

ಈ ಮಾತು ಯಾವ ಅಂಗಳದಲ್ಲಿ ನಡೆದಿಲ್ಲ ಹೇಳಿ. ಸಿದ್ಧಲಿಂಗನ ಅಂಗಳದಲ್ಲಿಯೂ ನಡೆದಿದೆ. ನಾನೇ ಕೇಳಿದ್ದೇನೆ.

ಕಾಕಾನ ಇನ್ನೊಂದು ಕೆಲಸ ಹಾಡು. ಸವಾಲ್-ಜವಾಬಿನ ಹಾಡು. ಎರಡು ಮೇಳ ಎದುರುಬದುರು ನಿಲ್ಲುತ್ತವೆ, ಒಬ್ಬರು ಹಾಡಿನಲ್ಲಿ ಕೇಳುತ್ತಾರೆ, ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡಬೇಕು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ದುಡಿಮೆ ಹೆಚ್ಚೋ ದೈವ ಹೆಚ್ಚೋ, ಹೀಗೆ. ಯಾರು ಯಾವ ಪಕ್ಷ ಹಾಡಬೇಕು ಎಂಬುದು ಹಾಡುವವರ ಕೈಯಲ್ಲಿಲ್ಲ. ಸೀಳಿದ ಹುಣಸೆಬೀಜವೊಂದನ್ನು ನೆಲಕ್ಕೆ ಎಸೆಯುತ್ತಾರೆ. ಬಿಳಿ ಮೇಲೆ ಬಿದ್ದರೆ ಊರಿನ ಮೇಳ 'ಸರಿ' ಎಂದು ಹಾಡಬೇಕು, ಕರಿ ಬಿದ್ದರೆ 'ತಪ್ಪು' ಎಂದು. ಆಮೇಲೆ ಹಾಡುವವನು ಮೇಳದ ಚರ್ಮವಾದ್ಯ ದಪ್ಪನ್ನು ಹಣೆಗೆ ಮುಟ್ಟಿಸಿ, "ಇದು ನನ್ನ ಮಾತಲ್ಲ" ಎನ್ನುತ್ತಾನೆ. ಕುಳಿತ ಮಂದಿಯೆಲ್ಲ, "ದಪ್ಪಿನ ಮಾತು" ಎನ್ನಬೇಕು. ಮಂದಿ ಅನ್ನದೆ ಹಾಡು ಶುರುವಾಗುವುದಿಲ್ಲ.

ನಾನು ಆ ಮೇಳದಲ್ಲಿ ದಪ್ಪು ಬಾರಿಸುವವನು. ಧಾನ್ಯದ ಪೇಟೆಯಲ್ಲಿ ಯಾರೊಡನೆಯೋ ಕೈ ಕೈ ಹತ್ತಿದಾಗ ಕಾಕಾ ನನ್ನನ್ನು ಎಳೆದುಕೊಂಡು ಹೋಗಿ ಕೈಗೆ ದಪ್ಪು ಕೊಟ್ಟಿದ್ದ. "ಲೇ ಭೀಮ್ಯಾ, ಹೊಡೀಬೇಕಂದ್ರ ಇದನ್ನ ಹೊಡಿ. ಇದು ಹೋಗಿ ಕೇಸ್ ಹಾಕೂದಿಲ್ಲ."

ಇನ್ನೊಂದು ಕಟ್ಟಳೆ ಇದೆ. ಹಾಡಿನವನು ತನ್ನ ಸ್ವಂತ ಮನಸ್ಸು ಯಾವ ಕಡೆ ಎಂದು ಎಂದೂ ಹೇಳಬಾರದು. ಕಾಕಾನ ಹೆಂಡತಿ ಹಲೀಮಾಬಿ ಚಾಚಿ ಇದನ್ನೇ ಎತ್ತಿ ಆಡಿಕೊಳ್ಳುತ್ತಿದ್ದಳು. "ಲಗ್ನ ಆದಾಗಿಂದ ಕೇಳಾಕತ್ತೇನಿ, ಹೆಣ್ಣ ಹೆಚ್ಚೋ ಗಂಡ ಹೆಚ್ಚೋ ಹೇಳ್ರಿ ಅಂತ. ಈ ಮನಿಶ್ಯಾ ನನಗs ಹೇಳಿಲ್ಲ."

"ನಿನಗ ಹೇಳಿದರ ರೊಟ್ಟಿ ಸಿಗತೈತೇನ," ಎಂದು ಕಾಕಾ ನಗುತ್ತಿದ್ದ.

ಹೊಳೆಪ್ಪನ ಚಹಾದಂಗಡಿಯಲ್ಲಿ ಟಿವಿ ಇದೆ. ಗಾಜಾದ ಯುದ್ಧ ಶುರುವಾದಾಗಿನಿಂದ ಅದೇ ತೋರಿಸುತ್ತಿದ್ದರು. ಮುರಿದು ಬಿದ್ದ ಮನೆ, ಧೂಳು ಮೆತ್ತಿದ ಮಕ್ಕಳು, ಒತ್ತೆಯಾಳಾಗಿ ಹೋದವರ ಫೋಟೋ ಹಿಡಿದ ತಾಯಂದಿರು, ಹಡಗಿನಿಂದ ಇಳಿಯುವ ಬಾಂಬು. ನಮ್ಮವರು ಚಹಾ ಕುಡಿಯುತ್ತ ಅದರ ನ್ಯಾಯ ಮಾಡುತ್ತಿದ್ದರು.

"ಅಮೆರಿಕಾದಾಂವ ಕೊಡೂದು ನಿಲ್ಲಿಸಿದರ ನಾಳೆ ಮುಂಜಾನೆ ಯುದ್ಧ ಬಂದ್," ಎನ್ನುತ್ತಿದ್ದ ಮಾಬುಸಾಬ. ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು, ಈಗ ಮಸೀದಿಯ ಹಿರಿಯ.

"ನಿಲ್ಲಿಸಿದರ ಇಸ್ರೇಲ್ ಉಳೀತೈತೇನ್ರಿ? ಸುತ್ತಕಡೆ ವೈರಿಗೋಳs ಅದಾರ," ಎನ್ನುತ್ತಿದ್ದ ಸಿದ್ಧಲಿಂಗ. ಇವನದು ಗೊಬ್ಬರದ ಅಂಗಡಿ. ವಯಸ್ಸು ಮೂವತ್ತರ ಮೇಲೆ, ಹಿಂದೆ ಯಾವಾಗಲೂ ನಾಲ್ಕು ಬೈಕು.

"ನಿನ್ನ ಅಂಗಡಿಗೆ ಡಿಎಪಿ ಬರವಲ್ದು, ಇಸ್ರೇಲ್ ಉಳಸಾಕ ಹೊಂಟೀಯಲ್ಲೋ," ಎಂದು ಹೊಳೆಪ್ಪ ಒಲೆಯ ಹಿಂದಿನಿಂದ ಅಂದರೆ ಎಲ್ಲರೂ ನಗುತ್ತಿದ್ದರು. ಸಿದ್ಧಲಿಂಗನೂ ನಗುತ್ತಿದ್ದ. ಆವಾಗ ಇನ್ನೂ ನಗು ಇತ್ತು.

ಆ ಸವಾಲು ಎತ್ತಿದವನೂ ಅವನೇ. ಇದನ್ನು ಈಗ ಯಾರೂ ನೆನಪಿಸಿಕೊಳ್ಳುವುದಿಲ್ಲ, ನಾನು ಬರೆದಿಡುತ್ತೇನೆ. "ಕಾಕಾ, ಗಂಡು ಹೆಣ್ಣು ಎಷ್ಟಂತ ಹಾಡ್ತೀರಿ, ಕೇಳಿ ಕೇಳಿ ಕಿವಿ ತೂತಾದುವು. ಈ ಸಲ ಇದನ್ನ ಹಾಡ್ರಿ. ಹೊರಗಿನ ದೇಶದವರು ಯುದ್ಧಕ್ಕ ಮದ್ದು ಕೊಡೂದು ಸರಿಯೋ ತಪ್ಪೋ."

ಮಾಬುಸಾಬನೂ ಹೌದು ಎಂದ. ಅವನಿಗೂ ಗೆಲ್ಲುತ್ತೇನೆ ಎಂಬ ಧೈರ್ಯ ಇತ್ತು.

ಮುಂಗಾರು ಬಿತ್ತನೆ ಮುಗಿದ ಮೇಲೆ ಸಂತೆ ಮೈದಾನದಲ್ಲಿ ಹಾಡು ಇಟ್ಟೆವು. ಮೊದಲೆಲ್ಲ ಬೆಳಗಿನ ತನಕ ನಡೆಯುತ್ತಿತ್ತು. ಈಗ ರಾತ್ರಿ ಹತ್ತರ ಮೇಲೆ ಮೈಕಿಗೆ ಪರವಾನಗಿ ಇಲ್ಲ, ಆದ್ದರಿಂದ ಮಧ್ಯಾಹ್ನವೇ. ಎದುರಿಗೆ ಕುಬಿಹಾಳದ ರೇಣುಕವ್ವನ ಮೇಳ. ರೇಣುಕವ್ವ ಹೊಲದ ಕೂಲಿಯಾಕೆ, ಮಗಳನ್ನು ಓದಿಸಿ ಸಾಲಿ ಟೀಚರ್ ಮಾಡಿದವಳು. ಹಾಡಿಗೆ ನಿಂತರೆ ಎದುರಿನವನ ಅಂಗಿ ಹರಿಯುವಂಥ ಬಾಯಿ.

ಹೊಳೆಪ್ಪನ ಒಲೆಯ ಮೇಲೆ ದಪ್ಪು ಕಾಯಿಸಿ ತಂದೆ. ಚರ್ಮ ಕಾಯಿಸದಿದ್ದರೆ ನಾದ ಏಳುವುದಿಲ್ಲ. ಹುಣಸೆಬೀಜ ಎಸೆದರು. ಬಿಳಿ ಬಿತ್ತು.

ಅಂದರೆ ಕಾಕಾ 'ಕೊಡುವುದು ಸರಿ' ಎಂದು ಹಾಡಬೇಕು. ಮಾಬುಸಾಬನ ಮುಖ ಕಪ್ಪಿಟ್ಟಿತು. ಸಿದ್ಧಲಿಂಗನ ಹುಡುಗರು ಸಿಳ್ಳೆ ಹಾಕಿದರು. ಕಾಕಾ ಬೀಜವನ್ನು ಒಂದು ಗಳಿಗೆ ನೋಡಿದ. ನಂತರ ದಪ್ಪನ್ನು ಹಣೆಗೆ ಮುಟ್ಟಿಸಿದ.

"ಇದು ನನ್ನ ಮಾತಲ್ಲ."

"ದಪ್ಪಿನ ಮಾತು," ಎಂದಿತು ಮೈದಾನ. ಸಂತೆಗೆ ಬಂದ ಎತ್ತುಗಳು ಕಿವಿ ನಿಮಿರಿಸುವಷ್ಟು ದೊಡ್ಡ ದನಿ.

ಕಾಕಾ ಮೊದಲು ಇಸ್ರೇಲಿನ ತಾಯಿಯನ್ನು ಹಾಡಿದ. ಮಗನನ್ನು ಎಳೆದುಕೊಂಡು ಹೋದ ದಾರಿಯನ್ನೇ ನೋಡುತ್ತ ಒಲೆ ಹೊತ್ತಿಸದೆ ಕುಳಿತ ತಾಯಿ. ತಂಬಾಕು ತಿಕ್ಕುತ್ತಿದ್ದ ಕೈಗಳು ನಿಂತವು. ಆಮೇಲೆ ಲಯ ಏರಿಸಿದ.

"ಬಾಜೂ ಮನಿಗೆ ಕಳ್ಳ ಹೊಕ್ಕಾಗ
ಬಾಗಿಲ ಹಾಕಿ ಮಲಗತಿಯೇನ?
ಕೈಯಾಗ ಬಡಿಗಿ ಇದ್ದಂವ ಅದನ
ಕೊಡದs ಹೋದರ ಮನಿಶ್ಯಾನೇನ?
ಕೊಡ್ರಿ ಕೊಡ್ರಿ ಮದ್ದು ಕೊಡ್ರಿ
ಕೇಳಿದವರಿಗೆ ಮದ್ದು ಕೊಡ್ರಿ"

ಹಿಮ್ಮೇಳದಲ್ಲಿ ನಾವೆಲ್ಲ "ಕೊಡ್ರಿ ಕೊಡ್ರಿ" ಎಂದೆವು. ಮೈದಾನವೂ ಅಂದಿತು. ಮಾಬುಸಾಬನ ತುಟಿ ಕೂಡ ಅಲ್ಲಾಡಿದ್ದನ್ನು ನಾನು ನೋಡಿದ್ದೇನೆ. ಹಾಡಿನ ಗುಣ ಅದು.

ರೇಣುಕವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಹಾಡಿನಲ್ಲಿ ಎದುರಿನವನಿಗೆ ಮಾವ ಎನ್ನುವುದು ವಾಡಿಕೆ.

"ಗಾಯಕ ಹಚ್ಚೂದು ಮದ್ದಂತಾರ
ಗೋಡಿ ಕೆಡವೂದೂ ಮದ್ದಂತಾರ
ಕೂಸಿನ ಕುಣಿಗಿ ಮಣ್ಣ ಹಾಕತ
ಕುಂತಾಳ ತಾಯಿ ಗಾಜಾದಾಗ
ಮದ್ದ ಕೊಡತೇನಂತಿ ಮಾವ
ಯಾವ ಮದ್ದ ನಿನ ಕೈಯಾಗ?"

ದಪ್ಪು ನಿಂತಿತು. ಕಾಕಾನ ಬಾಯಿ ಅರ್ಧ ತೆರೆದು ಹಾಗೇ ಉಳಿಯಿತು. ತಲೆಬಾಗಿಸಿ, ಹೆಗಲ ಮೇಲಿನ ವಲ್ಲಿ ತೆಗೆದು ಅವಳ ಕೈಗೆ ಕೊಟ್ಟ. "ಸೋತ್ನಿ ಬೇ. ಮರುಸವಾಲಿಗೆ ಬಾ ನಮ್ಮೂರಿಗೆ." ಸೋತವನು ಕರೆದರೆ ಗೆದ್ದವಳು ಬರಲೇಬೇಕು. ಅದೂ ಒಂದು ಕಟ್ಟಳೆ. ಇಬ್ಬರೂ ಒಂದೇ ಎಲೆಯಡಿಕೆ ಹಂಚಿಕೊಂಡು ತಿಂದರು. ಸಿದ್ಧಲಿಂಗ ಇಬ್ಬರಿಗೂ ಶಾಲು ಹೊದಿಸಿದ.

ಮರುದಿನ ಫೋನುಗಳಿಗೆ ಎರಡು ತುಂಡು ಬಂದವು. ಯಾರು ಕತ್ತರಿಸಿದರೋ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ನಾನು ಇದನ್ನು ಬರೆಯುತ್ತ ಕೂಡುತ್ತಿರಲಿಲ್ಲ.

ಒಂದು ತುಂಡಿನಲ್ಲಿ ಇಸ್ರೇಲಿನ ತಾಯಿ ಮಾತ್ರ ಇದ್ದಳು. ಅದು ಮಸೀದಿಯ ಓಣಿಯ ಫೋನುಗಳಿಗೆ ಹೋಯಿತು, ಅಲ್ಲಿಂದ ಅಣ್ಣಿಗೇರಿ, ನವಲಗುಂದ. ಇನ್ನೊಂದು ತುಂಡಿನಲ್ಲಿ "ಕೊಡ್ರಿ ಕೊಡ್ರಿ ಮದ್ದು ಕೊಡ್ರಿ" ಎಂದಷ್ಟೇ. ಟೋಪಿ ಹಾಕಿದ ಮುದುಕ ಕೈಯೆತ್ತಿ ಮದ್ದು ಕೇಳುತ್ತಾನೆ, ಸುತ್ತಲಿನ ಮಂದಿ ಹೌದೌದು ಎನ್ನುತ್ತಾರೆ. ಅದು ಸಿದ್ಧಲಿಂಗನ ಕಡೆಯ ಫೋನುಗಳಿಗೆ ಹೋಯಿತು, ಅಲ್ಲಿಂದ ಎಲ್ಲೆಲ್ಲಿಗೋ. ಬೀಜ ಬಿದ್ದದ್ದು ಯಾವುದರಲ್ಲೂ ಇರಲಿಲ್ಲ. ದಪ್ಪಿನ ಮಾತು ಎಂದದ್ದೂ ಇರಲಿಲ್ಲ. ರೇಣುಕವ್ವ ಇರಲೇ ಇಲ್ಲ.

ದೂರದವರು ತಪ್ಪು ತಿಳಿದರೆ ತಿಳಿಯಲಿ. ನನಗೆ ಸಿಟ್ಟು ಬಂದದ್ದು ಮೈದಾನದಲ್ಲಿ ಎದುರಿಗೇ ಕುಳಿತು ಕೇಳಿದವರ ಮೇಲೆ. ಅವರೂ ಫೋನನ್ನೇ ನಂಬಿದರು.

ಚಹಾದಂಗಡಿಯಲ್ಲಿ ಮಾಬುಸಾಬ ಕಾಕಾನ ಬಾಜು ಕೂಡಲಿಲ್ಲ. ನಿಂತೇ ಕೇಳಿದ. "ಇಮಾಮುದ್ದೀನ, ನಮ್ಮ ಮಕ್ಕಳು ಅಲ್ಲಿ ಸಾಯಾಕತ್ತಾವು, ನೀ ಅವರ ಕಡೆ ಹಾಡಿದಿ."

"ನೀವs ಕುಂತು ಕೇಳೀರಲ್ರಿ. ಬೀಜ ಬಿಳಿ ಬಿತ್ತು."

"ಬೀಜದ ಮಾತು ಬಿಡು. ನೀ ಯಾವ ಕಡೆ? ಅದೊಂದು ಹೇಳು. ಜಮಾತಿನವರಿಗೆ ನಾ ತಿಳಸಿ ಹೇಳತೇನಿ."

ಕಾಕಾ ಚಹಾ ಕುಡಿದ. ಹೇಳಲಿಲ್ಲ.

ಸಂಜೆ ಅದೇ ಅಂಗಡಿಗೆ ಸಿದ್ಧಲಿಂಗ ಬಂದ. ಅವನದು ಬೇರೆ ದನಿ, ಬೆಣ್ಣೆಯಂಥದ್ದು. "ಕಾಕಾ, ನೀವು ಎಂಥವರಂತ ನಮಗ ಗೊತ್ತೈತ್ರಿ. ಆದರ ಹುಡುಗರು ಕೇಳಾಕತ್ತಾರ, ಮದ್ದು ಯಾರಿಗೆ ಕೊಡ್ರಿ ಅಂದ್ರು, ಯಾಕ ಅಂದ್ರು ಅಂತ. ಇಸ್ರೇಲ್ ಕಡೆ ನಾನು, ಅಂತ ಫೋನಿನ್ಯಾಗ ಒಂದ ಮಾತ ಹೇಳಿಬಿಡ್ರಿ. ಮುಗದುಹೋಗತೈತಿ."

"ನೀನs ಎತ್ತಿದ ಸವಾಲಲ್ಲೋ ಅದು," ಎಂದೆ ನಾನು.

"ಭೀಮಣ್ಣಾ, ನಿನ್ನ ಕೇಳಿಲ್ಲ."

ನಾನು ಎದ್ದೆ. ಕಾಕಾ ನನ್ನ ಮಣಿಕಟ್ಟು ಹಿಡಿದ. ದಬ್ಬಣ ತಳ್ಳಿ ತಳ್ಳಿ ಕಲ್ಲಾದ ಕೈ ಅದು, ಬಿಡಿಸಿಕೊಳ್ಳಲಾಗಲಿಲ್ಲ. ಸಿದ್ಧಲಿಂಗನಿಗೂ ಅವನು ಏನೂ ಹೇಳಲಿಲ್ಲ. ಹೊಳೆಪ್ಪ ಟಿವಿಯ ದನಿ ಏರಿಸಿದ.

ಅಲ್ಲಿಂದ ಕಾಕಾನನ್ನು ಗಾದಿ ಹೊಲಿಯಲು ಯಾರೂ ಕರೆಯಲಿಲ್ಲ. ಸೈಕಲ್ ಹೊಡೆದುಕೊಂಡು ಓಣಿ ತಿರುಗುವನು. ಬಾಗಿಲಲ್ಲಿ ನಿಂತ ಹೆಂಗಸರು ಒಳಗೆ ಹೋಗುವರು. ಹಲೀಮಾಬಿ ಚಾಚಿ ನಳದ ನೀರಿಗೆ ನಿಂತರೆ ಎರಡೂ ಓಣಿಯವರು ಅವಳ ಕೊಡದಿಂದ ತಮ್ಮ ಕೊಡವನ್ನು ಒಂದಿಷ್ಟು ಸರಿಸಿ ಇಡುವರು. ಯಾರೂ ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆಮೇಲೆ ಭಾಗ್ಯಾಳ ಗಾದಿ ಬಂತು.

ಭಾಗ್ಯಾ ಹೊಳೆಪ್ಪನ ಮಗಳು. ಬೇಸಿಗೆಯಲ್ಲಿ ಕಲಘಟಗಿ ಕಡೆ ಕೊಟ್ಟಿದ್ದರು. ಮದುವೆಯ ಗಾದಿಯನ್ನು ಕಾಕಾನೇ ಹೊಲಿದಿದ್ದ, ಕೆಂಪು ಹೂವಿನ ಅರಿವೆಯಲ್ಲಿ. ಗಂಡನ ಮನೆಯವರು ಅದನ್ನು ಟೆಂಪೋದಲ್ಲಿ ವಾಪಸು ಕಳಿಸಿದರು. ಆ ವಿಡಿಯೋದ ಮುದುಕ ಹೊಲಿದ ಗಾದಿ ನಮಗೆ ಬೇಡ, ಒಳಗೆ ಏನಿದೆಯೋ ಯಾರಿಗೆ ಗೊತ್ತು ಎಂದರಂತೆ. ಟೆಂಪೋ ಹೊಳೆಪ್ಪನ ಅಂಗಡಿಯ ಮುಂದೆ ನಿಂತಿತು. ಹೊಳೆಪ್ಪ ಗಾದಿ ಇಳಿಸಲು ಕೈ ಹಾಕಲಿಲ್ಲ. ಸಿದ್ಧಲಿಂಗನ ಹುಡುಗರು ಹಾಕಿದರು. ಹೊತ್ತುಕೊಂಡು ಹೋಗಿ ಕಾಕಾನ ಮನೆಯ ಮುಂದೆ ಬೀದಿಯಲ್ಲಿ ಒಗೆದರು.

ಬೆಳಿಗ್ಗೆ ಒಂಬತ್ತರ ಹೊತ್ತು. ನಾನು ಪೇಟೆಯಲ್ಲಿ ಚೀಲ ಹೊರುತ್ತಿದ್ದವನು ಓಡಿ ಬಂದೆ. ಬರುವಷ್ಟರಲ್ಲಿ ಸೀಳಿದ್ದರು. ಗಾಳಿ ಇತ್ತು. ಹತ್ತಿ ಇಡೀ ಓಣಿ ತುಂಬ ಹಾರುತ್ತಿತ್ತು, ವಿದ್ಯುತ್ ತಂತಿಗೆ, ಎಮ್ಮೆಯ ಕೊಂಬಿಗೆ, ನಿಂತವರ ತಲೆಗೆ. ಒಬ್ಬನು ಮೂಲೆಯಲ್ಲಿ ಕೈಯಾಡಿಸಿ ಗಂಟು ಹಿಡಿದು ಮೇಲೆತ್ತಿದ. ಬಿಚ್ಚಿದ. ಬೂದು ಬಣ್ಣದ ಪುಡಿ.

"ಏನಿದು?"

"ಮದ್ದು," ಎಂದಳು ಹಲೀಮಾಬಿ ಚಾಚಿ.

ಅವಳ ಬಾಯಿಗೆ ಬರುವ ಮಾತು ಅದೇ. ಊರಿನ ಎಲ್ಲ ಹೆಂಗಸರ ಬಾಯಿಗೂ ಅದೇ ಬರುತ್ತಿತ್ತು. ಅದರ ಹೆಸರೇ ಅದು. ಆದರೆ ಅವಳು ಅಂದದ್ದು ನಾಲ್ಕು ಫೋನಿನ ಎದುರು. ಅಂದ ಮೇಲೆ ಅವಳಿಗೇ ಹೊಳೆದು, ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ಅದೂ ಫೋನಿನಲ್ಲಿ ಬಂತು.

ಓಣಿಯ ತುದಿಯಲ್ಲಿ ಹೊಳೆಪ್ಪ ನಿಂತಿದ್ದ. ಮಗಳ ಮದುವೆಗೆ ಆ ಗಂಟು ಇಡು ಎಂದು ಹೇಳಿದವನು ಅವನೇ. "ಹೊಳೆಪ್ಪಾ, ಹೇಳಲೇ, ಬಜಿ ಅಂತ ಹೇಳು," ಎಂದು ನಾನು ಕೂಗಿದೆ. ಅವನು ತನ್ನ ಅಂಗಿಗೆ ಹತ್ತಿದ ಹತ್ತಿಯನ್ನು ಒಂದೊಂದಾಗಿ ಕೀಳುತ್ತ ತಿರುಗಿ ಹೋದ.

ಠಾಣೆಯಿಂದ ಕರೆ ಬಂತು. ಕಾಕಾನ ಜತೆ ನಾನು ಹೋದೆ. ಸಾಹೇಬ ಬೇರೆ ಸೀಮೆಯವನು, ಮಾತು ಮೆದು. ಗಂಟನ್ನು ಮೂಗಿಗೆ ಹಿಡಿದ.

"ಇದು ಬಜೆ ಅಲ್ವಾ ಯಜಮಾನ್ರೇ. ನಮ್ಮಜ್ಜಿ ನನ್ನ ನಾಲಿಗೆಗೂ ತೇದು ಹಚ್ಚಿದಾಳೆ."

"ಹೌದ್ರಿ ಸಾಹೇಬರ."

"ನನಗೆ ಗೊತ್ತಾಯ್ತು. ಫೋನಿಗೆ ಮೂಗಿಲ್ಲ. ಈಗ ಇದು ಜಿಲ್ಲೆ ದಾಟಿದೆ." ಅವನು ಮೇಜಿನ ಮೇಲೆ ಕೈ ಜೋಡಿಸಿದ. "ಒಂದು ಕೆಲಸ ಮಾಡಿ. ನಾನು ಹಾಡಿದ್ದು ತಪ್ಪಾಯ್ತು, ನನ್ನ ಸ್ವಂತ ಅಭಿಪ್ರಾಯ ಇದು, ಅಂತ ಹೇಳಿ. ಯಾವುದಾದ್ರೂ ಹೇಳಿ. ಒಂದು ಕಡೆಯವರಾದ್ರೂ ನಿಮ್ಮ ಹಿಂದೆ ನಿಲ್ತಾರೆ. ಈಗ ನಿಮ್ಮ ಹಿಂದೆ ಯಾರೂ ಇಲ್ಲ. ಅದೇ ನನಗೆ ಹೆದರಿಕೆ."

ಕಾಕಾ ಟೋಪಿಯ ಅಂಚನ್ನು ತಿರುವಿದ. "ಸಾಹೇಬರ, ನಾ ಹಾಡಿನ್ಯಾಗ ಸೋತೇನ್ರಿ. ರೇಣುಕವ್ವ ಗೆದ್ದಾಳ. ಇಲ್ಲಿ ಕುಂತು ನಂದು ತಪ್ಪಾತು ಅಂದ್ರ, ಆಕಿ ಗೆದ್ದದ್ದಕ್ಕ ಏನ ಕಿಮ್ಮತ್ತು ಉಳೀತ್ರಿ? ಠಾಣೇದಾಗ ಗೆದ್ದಂಗ ಆಗತೈತಿ."

"ಹಾಡಿನ ಮಾತಲ್ಲ ಯಜಮಾನ್ರೇ ಇದು. ನಿಮ್ಮ ಜೀವದ ಮಾತು."

"ಎಲ್ಲಾರೂ ನನ್ನ ಮನಸ ಕೇಳಾಕತ್ತಾರ. ಇಷ್ಟ ವರ್ಷ ಯಾರಿಗೂ ಬೇಕಾಗಿದ್ದಿಲ್ಲ ಅದು."

ಹೊರಗೆ ಬಂದ ಮೇಲೆ ನಾನು ಬೈದೆ. ಕಾಕಾನಿಗೆ ಬೈದದ್ದು ಅದೇ ಮೊದಲು. "ಒಂದ ಮಾತು ಹೇಳಿದ್ರ ಏನ ಹೋಗತಿತ್ರಿ ನಿಮ್ಮ ಗಂಟು? ಮನಿಯಾಗ ಚಾಚಿ ಅದಾಳಂತ ಖಬರೈತೇನು?"

"ಯಾವ ಮಾತೋ ಭೀಮ್ಯಾ? ಮಾಬುಸಾಬಗ ಹೇಳೂದೋ, ಸಿದ್ಧಲಿಂಗಗ ಹೇಳೂದೋ? ಒಮ್ಮೆ ನನ್ನ ಕಡಿ ಇದು ಅಂತ ಹೇಳಿದ್ನಿ ಅಂದ್ರ, ಆಮ್ಯಾಲ ಎದುರಿನವನ ಮಾತು ನನ್ನ ಬಾಯಾಗಿಂದ ಕೇಳವರ ಯಾರು? ನಾ ಇಸ್ರೇಲಿನ ತಾಯೀನ ಹಾಡಿದಾಗ ಮಾಬುಸಾಬ ಕಣ್ಣ ಒರಸಿಕೊಂಡ. ನೋಡಿದಿ ಇಲ್ಲೋ?"

ನೋಡಿದ್ದೆ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಆ ವಾರ ಬಿಸಿಲು ಬಿದ್ದಿತ್ತು. ಒಂದು ದಿನ ಪೇಟೆಯ ಗೋದಾಮಿನ ಮೇಲಿಂದ ಊರು ನೋಡಿದೆ. ಮಾಳಿಗೆ ಮಾಳಿಗೆಯ ಮೇಲೂ ಗಾದಿ ಒಣಗಹಾಕಿದ್ದರು. ಬಿಸಿಲಿಗೆ ಹಾಕುವುದು ಹೊಸದಲ್ಲ. ನೋಡುತ್ತ ನಿಂತೆ, ಆಮೇಲೆ ಕಂಡಿತು. ಒಂದೊಂದು ಗಾದಿಯ ತಲೆಯ ಮೂಲೆಯೂ ಸೀಳಿತ್ತು. ಲಿಂಗಾಯತರ ಓಣಿ, ಮಸೀದಿ ಓಣಿ, ಸ್ಟೇಷನ್ ಓಣಿ, ಎಲ್ಲ ಕಡೆಯೂ. ಯಾರೂ ಯಾರಿಗೂ ಹೇಳಿರಲಿಲ್ಲ. ತಮ್ಮ ತಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕತ್ತರಿಸಿ, ಗಂಟು ತೆಗೆದು, ಎಲ್ಲಿಯೋ ಹೂತಿದ್ದರು.

ಮನೆಗೆ ಬಂದೆ. ನನ್ನ ಹೆಂಡತಿ ಸುವರ್ಣಾ ಹಾಸಿಗೆಯ ಮೇಲೆ ಕತ್ತರಿ ಹಿಡಿದು ಕುಳಿತಿದ್ದಳು.

"ನೀನೂ ಹೌದೇನು?" ಎಂದು ಕತ್ತರಿ ಕಸಿದುಕೊಂಡು ಒಗೆದೆ.

ಅವಳು ಹೆದರಲಿಲ್ಲ. "ಒದರಬ್ಯಾಡ್ರಿ. ಅದು ಬಜಿ ಅಂತ ನನಗ ಗೊತ್ತೈತಿ. ನಾನs ಹಾಕ್ರಿ ಅಂದಾಕಿ. ನಾಳೆ ಮನಿ ಹೊಕ್ಕು ಹುಡುಕವರಿಗೆ ಗೊತ್ತೈತೇನು?"

ಕತ್ತರಿಯನ್ನು ಅವಳೇ ಎದ್ದು ತಂದಳು. ಗಂಟು ತೆಗೆದು ನನ್ನ ಕೈಗೆ ಕೊಟ್ಟಳು. ಅದನ್ನು ನಾನು ಹೂಳಲಿಲ್ಲ, ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಈಗಲೂ ಇದೆ.

ರೇಣುಕವ್ವ ಮುಂದಿನ ಸಂತೆಗೆ ಬಂದಳು. ಬೇಡ ಎಂದು ಅವಳ ಮಗಳು ಅತ್ತಿದ್ದಳಂತೆ. ಬಸ್ಸಿನಿಂದ ಇಳಿದವಳೇ ನೆಟ್ಟಗೆ ಕಾಕಾನ ಮನೆಗೆ ಬಂದು ಜಗಲಿಯ ಮೇಲೆ ಕುಳಿತಳು, ಓಣಿಗೆಲ್ಲ ಕಾಣುವ ಹಾಗೆ.

"ಇಮಾಮಣ್ಣಾ, ಮರುಸವಾಲಿಗೆ ಕರದಿದ್ದಿ. ಬಂದೇನಿ. ಚಹಾ ಮಾಡಸು."

"ಈಗ್ಯಾಕ ಬಂದಿ ಬೇ. ನಿನ್ನ ಮುಖಾನೂ ಫೋನಿನ್ಯಾಗ ಹಾಕ್ತಾರ."

"ಹಾಕಲಿ. ಹೋದ ಸಲ ನಾನs ಗೆದ್ದದ್ದು, ಒಬ್ಬಂವರ ನನ್ನ ಹಾಕಿದಾನೇನು? ಅದರ ಸಿಟ್ಟೈತಿ ನನಗ." ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಈ ಸಲ ಕರಿ ಬೀಳತೈತಿ ನೋಡಣ್ಣಾ. ನೀ ತಪ್ಪು ಅಂತ ಹಾಡು. ಮಾಬುಸಾಬನ ಮಂದಿ ತಣ್ಣಗಾಗತಾರ. ನಾ ಸರಿ ಅಂತ ಹಾಡತೇನಿ, ಬೈಸಿಕೊಳ್ಳೂದು ನನಗ ರೂಢಿ ಐತಿ."

"ಬೀಳಬೇಕಲ್ಲ," ಎಂದ ಕಾಕಾ.

ಮೈಕಿಗೆ ಪರವಾನಗಿ ಕೊಡಲಿಲ್ಲ. ಇಬ್ಬರು ಪೊಲೀಸರು ಬಂದು ಮೈದಾನದ ಬೇಲಿಗೆ ಒರಗಿ ನಿಂತರು. ನಾನು ದಪ್ಪು ಕಾಯಿಸಲು ಹೊಳೆಪ್ಪನ ಅಂಗಡಿಗೆ ಹೋದೆ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

"ಒಲಿ ಆರೈತಿ ಭೀಮಣ್ಣಾ," ಎಂದ ಹೊಳೆಪ್ಪ, ನನ್ನ ಕಡೆ ನೋಡದೆ.

ನಾನು ಅವನಿಗೆ ಏನೂ ಮಾಡಲಿಲ್ಲ. ಕಾಕಾನ ಮನೆಗೆ ಹೋದೆ. ಭಾಗ್ಯಾಳ ಗಾದಿಯ ಹತ್ತಿಯಲ್ಲಿ ಒಳ್ಳೆಯದನ್ನು ಚಾಚಿ ಆರಿಸಿ ಇಟ್ಟಿದ್ದಳು. ಮಣ್ಣು, ಸಗಣಿ ಮೆತ್ತಿದ್ದನ್ನು ಒಂದು ಚೀಲಕ್ಕೆ ತುಂಬಿದ್ದಳು. ಆ ಚೀಲ ಹೆಗಲಿಗೆ ಹಾಕಿಕೊಂಡು ಮೈದಾನಕ್ಕೆ ಬಂದೆ.

ಮಂದಿ ಬಂದಿದ್ದರು, ಹೋದ ಸಲಕ್ಕಿಂತ ಹೆಚ್ಚು. ಆದರೆ ಒಬ್ಬರೂ ಕೂತಿರಲಿಲ್ಲ. ಸುತ್ತ ನಿಂತಿದ್ದರು. ಹೋದ ಸಲ ತಂಬಾಕು ತಿಕ್ಕುತ್ತಿದ್ದ ಕೈಗಳೆಲ್ಲ ಈಗ ಫೋನ್ ಎತ್ತಿ ಹಿಡಿದಿದ್ದವು. ಮುಖಗಳು ಅವುಗಳ ಹಿಂದೆ. ಒಂದು ಕಡೆ ಮಾಬುಸಾಬ, ಇನ್ನೊಂದು ಕಡೆ ಸಿದ್ಧಲಿಂಗ. ನಡುವೆ ನಾವು.

ಕಾಕಾ ಬೀಜ ಎಸೆದ. ಅದು ನೆಲಕ್ಕೆ ಬಿದ್ದು ಒಮ್ಮೆ ಹೊರಳಿತು.

ಬಿಳಿ.

ಬಗ್ಗಿ ನೋಡಿದವರು ನಾವು ಮೂವರೇ. ರೇಣುಕವ್ವ ಚಟ್ಟನೆ ತನ್ನ ಸೀರೆಯ ಅಂಚು ಅದರ ಮೇಲೆ ಬರುವಂತೆ ನಿಂತಳು. "ಕಲ್ಲಿಗೆ ಬಡದು ಹೊಳ್ಳಿತಣ್ಣಾ ಅದು. ಲೆಕ್ಕಕ್ಕಿಲ್ಲ. ಇನ್ನೊಮ್ಮೆ ಒಗಿ."

ಕಾಕಾ ಅವಳ ಮುಖ ನೋಡಿದ. ಆಮೇಲೆ ನೆಲ ನೋಡಿದ. "ಕಲ್ಲು ಎಲ್ಲೈತಿ ಬೇ ನಮ್ಮ ಸೀಮ್ಯಾಗ. ಎಲ್ಲಾ ಕರೀ ಮಣ್ಣು."

ಬಗ್ಗಿ, ಅವಳ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಮೆಲ್ಲಗೆ ಸರಿಸಿ, ಬೀಜವನ್ನು ಬಿಳಿ ಮೇಲಾಗಿಯೇ ಎತ್ತಿ ಎಲ್ಲರಿಗೂ ತೋರಿಸಿದ. ಮಾಬುಸಾಬನ ಕಡೆಯಿಂದ ಒಂದು ಗುಜುಗುಜು ಎದ್ದಿತು. ಹೋದ ಸಲ ಸಿಳ್ಳೆ ಹಾಕಿದ ಸಿದ್ಧಲಿಂಗನ ಹುಡುಗರು ಈಗ ಫೋನನ್ನು ಇನ್ನಷ್ಟು ಹತ್ತಿರ ತಂದರು. ಎರಡನೆಯದೇ ನನಗೆ ಕೆಟ್ಟದ್ದಾಗಿ ಕಂಡಿತು.

"ಭೀಮ್ಯಾ, ದಪ್ಪು ಕಾಯಸು."

ಚೀಲದ ಬಾಯಿ ಬಿಚ್ಚಿ ಹತ್ತಿ ಸುರಿದು, ನಾಲ್ಕು ಕಟ್ಟಿಗೆಯ ಚೂರು ಇಟ್ಟು ಕಡ್ಡಿ ಗೀರಿದೆ. ಹತ್ತಿ ಭಗ್ಗನೆ ಹತ್ತಿಕೊಂಡಿತು. ಸಿಡಿದೀತೆಂದು ಮೈದಾನದಲ್ಲಿ ನಿಂತವರೆಲ್ಲ ಒಟ್ಟಿಗೆ ಹಿಂದೆ ಸರಿದರು. ಎರಡೂ ಕಡೆಯವರು. ಕಾಕಾನ ಗಾದಿಯಲ್ಲಿ ಹುಟ್ಟಿ, ಅವನ ಗಾದಿಯಲ್ಲಿ ಮಲಗಿ, ನಾಲಿಗೆಗೆ ಬಜೆ ತೇದು ಹಚ್ಚಿಸಿಕೊಂಡು ಬೆಳೆದ ಮಂದಿ. ಫೋನು ಮಾತ್ರ ಯಾರೂ ಕೆಳಗಿಳಿಸಲಿಲ್ಲ. ಬೇಲಿಗೆ ಒರಗಿದ್ದ ಪೊಲೀಸರು ನೆಟ್ಟಗೆ ನಿಂತರು.

ಆ ಉರಿಗೆ ಹಿಡಿದು ಕಾಯಿಸಿದ ದಪ್ಪನ್ನು ಕಾಕಾನ ಕೈಗೆ ಕೊಟ್ಟೆ. ಅವನು ಹಣೆಗೆ ಮುಟ್ಟಿಸಿದ.

"ಇದು ನನ್ನ ಮಾತಲ್ಲ."

ಯಾರೂ ಏನೂ ಅನ್ನಲಿಲ್ಲ.

ಕಾಕಾ ಕಾದ. ದೂರದಲ್ಲಿ ಹುಬ್ಬಳ್ಳಿ ಕಡೆಯ ಗಾಡಿ ಸ್ಟೇಷನ್ನಿಗೆ ಬರುವ ಸದ್ದು ಕೇಳಿಸಿತು. ಅದು ನಿಂತು, ಹೋಗುವ ತನಕ ಕಾದ. ಇನ್ನೊಮ್ಮೆ ಅಂದ, ಸ್ವಲ್ಪ ಗಟ್ಟಿಯಾಗಿ. "ಇದು ನನ್ನ ಮಾತಲ್ಲ."

"ಮತ್ಯಾರದು?" ಎಂದಿತು ಫೋನುಗಳ ಹಿಂದಿನಿಂದ ಒಂದು ದನಿ. ಯಾವ ಕಡೆಯದು ಎಂದು ನನಗೆ ತಿಳಿಯಲಿಲ್ಲ.

"ದಪ್ಪಿನ ಮಾತು," ಎಂದಳು ರೇಣುಕವ್ವ. ನಾನೂ ಅಂದೆ. ಎರಡೇ ದನಿ, ಅಷ್ಟು ದೊಡ್ಡ ಮೈದಾನದಲ್ಲಿ.

ಕಾಕಾ ದಪ್ಪನ್ನು ನನಗೆ ವಾಪಸು ಕೊಟ್ಟು, ಎರಡು ದನಿ ಸಾಕು, ಬಾರಿಸು ಎಂಬಂತೆ ತಲೆಯಾಡಿಸಿದ. ಮಂದಿಯ ಸುತ್ತು ಮುಚ್ಚುತ್ತ ಮುಚ್ಚುತ್ತ ನಮ್ಮ ಹತ್ತಿರ ಬರುತ್ತಿತ್ತು. ನಾನು ಬಾರಿಸಿದೆ. ಅವನು ಒಲೆ ಹೊತ್ತಿಸದೆ ಕುಳಿತ ಆ ಇಸ್ರೇಲಿನ ತಾಯಿಯ ಹಾಡಿಗೆ ಬಾಯಿ ತೆರೆದ.